ಶಾಸಕರ ಸಾಧನಾ ಪುಸ್ತಿಕೆ ಮನೆಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಸುಲಿಯುವ ಚಪ್ಪರದಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ ಜನ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಮೂವತ್ತು ವರ್ಷ ಸರ್ಕಾರಿ ಕಚೇರಿಯ ಲೆಕ್ಕ ಶಾಖೆಯಲ್ಲಿ ಕುಳಿತು ಬಿಲ್ಲು ನೋಡಿದವನು ಎಂಬುದೊಂದೇ ನನ್ನ ಅರ್ಹತೆ. ಇದು ಯಾವ ಪಕ್ಷದ ಶಾಸಕರ ಪುಸ್ತಿಕೆಯ ಬಗ್ಗೆ ಎಂದು ಹುಡುಕಬೇಡಿ. ಶಿವಮೊಗ್ಗ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಯಾವುದರ ಪುಸ್ತಿಕೆಯಾದರೂ ಓದುವ ಕ್ರಮ ಒಂದೇ.

‘ನಾನು ತಂದ ಕಾಯ್ದೆಗಳು’ ಎಂದು ಮೊದಲ ಪುಟದಲ್ಲೇ ಇದೆ. ಒಬ್ಬ ಶಾಸಕ ಕಾಯ್ದೆ ತರಲು ಸಾಧ್ಯವೇ?

ಹಕ್ಕು ಇದೆ, ನಡೆಯುವುದು ತೀರ ಅಪರೂಪ. ಮಂತ್ರಿಯಲ್ಲದ ಸದಸ್ಯರು ಮಂಡಿಸುವುದಕ್ಕೆ ಖಾಸಗಿ ವಿಧೇಯಕ ಎನ್ನುತ್ತಾರೆ. ಸರ್ಕಾರದ ಮನಸ್ಸಿಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ. ನಾವು ಕಾಣುವ ಕಾಯ್ದೆಗಳು ಬಹುಪಾಲು ಯಾವುದೋ ಇಲಾಖೆಯಲ್ಲಿ ಹುಟ್ಟಿ, ಶಾಸನ ರಚನೆ ಇಲಾಖೆಯಲ್ಲಿ ಭಾಷೆ ಪಡೆದು, ಸಚಿವ ಸಂಪುಟದ ಒಪ್ಪಿಗೆಯೊಂದಿಗೆ ಸದನಕ್ಕೆ ಬರುತ್ತವೆ. 224 ಸದಸ್ಯರ ವಿಧಾನಸಭೆಯಲ್ಲಿ ‘ಹೌದು’ ಎಂದವರಲ್ಲಿ ಒಬ್ಬರು ‘ನಾನು ತಂದೆ’ ಎನ್ನುವುದು, ಮದುವೆಗೆ ಹೋಗಿ ಅಕ್ಷತೆ ಹಾಕಿದವರು ‘ಮದುವೆ ಮಾಡಿಸಿದೆ’ ಎಂದ ಹಾಗೆ. ಮಂತ್ರಿಯಾಗಿ ವಿಧೇಯಕವನ್ನು ತಾವೇ ಮಂಡಿಸಿದ್ದರೆ ಮಾತು ಬೇರೆ.

ಹಾಗೆಂದು ಶಾಸಕರ ಪಾತ್ರವನ್ನು ಕಿರಿದು ಮಾಡುವುದೂ ಸರಿಯಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ತಕರಾರು ಸತ್ಯಾಗ್ರಹವಾಯಿತು. ಮರುವರ್ಷ ಆ ಹೋರಾಟದ ಮುಂದಾಳು, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಅವರು ಒಂದು ದಿನವೂ ಮಂತ್ರಿಯಾಗಲಿಲ್ಲ. ತೀರ್ಥಹಳ್ಳಿ ಸೀಮೆಯವರೇ ಆದ ಕಡಿದಾಳ್ ಮಂಜಪ್ಪನವರು ಆಳುವ ಪಕ್ಷದಲ್ಲಿದ್ದು, ಕಂದಾಯ ಸಚಿವರಾಗಿ ಗೇಣಿ ಕಾನೂನಿಗೆ ಕೈ ಹಾಕಿದರು. ಭೂಸುಧಾರಣಾ ಕಾಯ್ದೆ ಬಂದದ್ದು 1961ರಲ್ಲಿ. ಗೇಣಿದಾರನನ್ನು ನಿಜವಾಗಿ ಭೂಮಾಲೀಕನನ್ನಾಗಿ ಮಾಡಿದ ತಿದ್ದುಪಡಿ ಜಾರಿಯಾದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು. ಗೋಪಾಲಗೌಡರು ತೀರಿಕೊಂಡು ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ‘ನಾನು ತಂದೆ’ ಎಂದು ಅಚ್ಚು ಹಾಕಿಸಲು ಅವರು ಇರಲಿಲ್ಲ, ಇದ್ದಿದ್ದರೂ ಹಾಕಿಸುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆದರೆ ‘ತಂದವರು ಯಾರು’ ಎಂದರೆ ನಮ್ಮ ಊರುಗಳ ಹಿರಿಯರು ಇಂದಿಗೂ ಅವರ ಹೆಸರನ್ನು ಬಿಟ್ಟು ಮಾತು ಮುಗಿಸುವುದಿಲ್ಲ.

ಸದನ ಒಪ್ಪಿತು ಎಂದರೆ ಕಾಯ್ದೆ ಜಾರಿಗೆ ಬಂದ ಹಾಗೆಯೇ ಅಲ್ಲವೇ?

ಅಲ್ಲ. ಸಾಧನಾ ಪುಸ್ತಿಕೆಗಳಲ್ಲಿ ನಾನು ಕಾಣುವ ದೊಡ್ಡ ಗೊಂದಲವೇ ಇದು. ವಿಧಾನಸಭೆ ಒಪ್ಪಿದ ಮೇಲೆ ವಿಧೇಯಕ 75 ಸದಸ್ಯರ ವಿಧಾನ ಪರಿಷತ್ತಿಗೆ ಹೋಗಬೇಕು, ಅಲ್ಲಿಂದ ರಾಜ್ಯಪಾಲರ ಅಂಕಿತಕ್ಕೆ ಹೋಗಬೇಕು. ಅಂಕಿತ ಬಿದ್ದ ಮೇಲೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಕೆಲವು ಕಾಯ್ದೆಗಳು ಪ್ರಕಟವಾದ ದಿನವೇ ಜಾರಿಯಾಗುತ್ತವೆ. ಕೆಲವು ‘ಸರ್ಕಾರ ಅಧಿಸೂಚಿಸಿದ ದಿನದಿಂದ’ ಎಂಬ ಒಂದು ಸಾಲು ಇಟ್ಟುಕೊಂಡು ಕುಳಿತಿರುತ್ತವೆ. ಆಮೇಲೆ ನಿಯಮಾವಳಿ ಬೇಕು. ನಿಯಮಾವಳಿ ಇಲ್ಲದಿದ್ದರೆ ಯಾವ ನಮೂನೆಯಲ್ಲಿ ಅರ್ಜಿ, ಯಾವ ಅಧಿಕಾರಿಗೆ ಅರ್ಜಿ ಎಂದು ಗುಮಾಸ್ತನಿಗೇ ಗೊತ್ತಿರುವುದಿಲ್ಲ. ಹೊಸ ಕಾಯ್ದೆಯ ಹೆಸರು ಹೇಳಿಕೊಂಡು ಜನ ಕಚೇರಿಗೆ ಬಂದಾಗ ‘ಆದೇಶ ಬಂದಿಲ್ಲ’ ಎಂದು ಎಷ್ಟು ಸಲ ವಾಪಸು ಕಳಿಸಿದ್ದೇನೋ ಲೆಕ್ಕವಿಲ್ಲ. ಅದು ನಮ್ಮ ಸೋಮಾರಿತನ ಎಂದುಕೊಂಡೇ ಅವರು ಹೋಗುತ್ತಿದ್ದರು.

ರಾಜ್ಯಪಾಲರು ವಿಧೇಯಕವನ್ನು ಹಿಂದಕ್ಕೆ ಕಳಿಸಬಹುದು, ರಾಷ್ಟ್ರಪತಿಯವರಿಗೆ ಕಾಯ್ದಿರಿಸಲೂಬಹುದು. 2025ರಲ್ಲಿ ಎರಡು ಸದನಗಳೂ ಒಪ್ಪಿದ ಸಾರ್ವಜನಿಕ ಸಂಗ್ರಹಣೆ (ಸರ್ಕಾರಿ ಖರೀದಿ, ಗುತ್ತಿಗೆ) ತಿದ್ದುಪಡಿ ವಿಧೇಯಕ ಹೀಗೆ ರಾಷ್ಟ್ರಪತಿಯವರ ಬಳಿಗೆ ಹೋಯಿತು. ಭೂಕಬಳಿಕೆ ನಿಷೇಧ ಕಾಯ್ದೆಯನ್ನು ನೋಡಿ: ಹೆಸರಿನಲ್ಲಿರುವುದು 2011, ಕಾಯ್ದೆಯ ಸಂಖ್ಯೆ ಬಿದ್ದದ್ದು 2014ರಲ್ಲಿ. ನಡುವಿನ ವರ್ಷಗಳಲ್ಲಿ ‘ಕಾಯ್ದೆ ಬಂದಿದೆ’ ಎಂದು ಭಾಷಣ ಮಾಡಿದವರಿಗೆ ಬರಗಾಲವಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮಲ್ಲಿ ಹಳೆಯ ಚಾಳಿ. ಬೆಂಗಳೂರಿನ ಭೂಗಳ್ಳರಿಗೆಂದು ಮಾಡಿದ ಆ ಕಾಯ್ದೆಯಡಿ ಕೊನೆಗೆ ಮಲೆನಾಡಿನ ಬಗರ್ ಹುಕುಂ ರೈತರೂ (ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉತ್ತು ಬಂದವರು) ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಅಲೆಯುವಂತಾಯಿತು. ನಮ್ಮ ಭಾಗದ ಶಾಸಕರು ಪಕ್ಷಭೇದ ಬಿಟ್ಟು ಕೂಗಿದ ಸಂಗತಿಗಳಲ್ಲಿ ಇದೂ ಒಂದು, ಮುಂದೆ ಹಳ್ಳಿಯ ಜಮೀನಿಗೆ ವಿನಾಯಿತಿ ಕೊಡುವ ತಿದ್ದುಪಡಿಯೂ ಆಯಿತು. ಇಂಥದ್ದನ್ನು ಪುಸ್ತಿಕೆಯಲ್ಲಿ ಹಾಕಿಕೊಂಡರೆ ನನ್ನ ತಕರಾರಿಲ್ಲ.

ಈಚಿನ ಕಾಯ್ದೆಗಳಲ್ಲಿ ನಮ್ಮ ಕಡೆಯವರ ಬದುಕಿಗೆ ನೇರವಾಗಿ ತಟ್ಟುವುದು ಯಾವುದು?

ನನ್ನ ಲೆಕ್ಕದಲ್ಲಿ ಮೊದಲನೆಯದು ಕಿರುಸಾಲದ ಕಾಯ್ದೆ. ಮೈಕ್ರೋ ಫೈನಾನ್ಸಿನವರ ಕಿರುಕುಳ ತಡೆಯಲು ಸರ್ಕಾರ ಮೊದಲು ಸುಗ್ರೀವಾಜ್ಞೆ ಹೊರಡಿಸಲು ಹೊರಟಿತು. ರಾಜ್ಯಪಾಲರು ಅದನ್ನು ಒಮ್ಮೆ ಹಿಂದಿರುಗಿಸಿದರು, ವಿವರಣೆ ಕೊಟ್ಟ ಮೇಲೆ 2025ರ ಫೆಬ್ರುವರಿ 12ರಂದು ಸಹಿ ಬಿತ್ತು. ಮಾರ್ಚ್ ಅಧಿವೇಶನದಲ್ಲಿ ಅದು ವಿಧೇಯಕವಾಗಿ ಬಂದು ಸದನದ ಒಪ್ಪಿಗೆ ಪಡೆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ವಾರದ ಕಂತಿನ ದಿನ ಬಂತೆಂದರೆ ಕೂಲಿಗೂ ಹೋಗದೆ ಬಾಗಿಲು ಹಾಕಿಕೊಂಡು ಕೂರುವ ಹೆಂಗಸರನ್ನು ನಮ್ಮ ಕೇರಿಯಲ್ಲೇ ಕಂಡಿದ್ದೇನೆ, ಹಾಗಾಗಿ ಈ ಕಾಯ್ದೆಯನ್ನು ಹಗುರವಾಗಿ ನೋಡಲಾರೆ. ಆದರೆ ಒಂದು ಎಚ್ಚರ ಬೇಕು. ‘ಕಾಯ್ದೆ ಬಂತು, ಸಾಲ ಮನ್ನಾ ಆಯಿತು’ ಎಂದು ಸಂಘದ ಸಭೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಪರವಾನಗಿ ಇಲ್ಲದವರು ಕೊಟ್ಟ ಸಾಲದ ಕಥೆ ಬೇರೆ, ಬ್ಯಾಂಕಿನ ಸಾಲದ ಕಥೆ ಬೇರೆ. ಬ್ಯಾಂಕಿನದು ತೀರಿಸಲೇಬೇಕು.

ಎರಡನೆಯದು 2024ರ ನೀರಾವರಿ ತಿದ್ದುಪಡಿ. ನಾಲೆಯಿಂದ ಅಕ್ರಮವಾಗಿ ನೀರು ಎತ್ತುವುದನ್ನು ತಡೆಯುವುದು ಅದರ ಗುರಿ. ಹೊಸನಗರದ ಗುಡ್ಡದ ಮೇಲಿರುವವರಿಗೆ ಇದು ದೂರದ ಸುದ್ದಿ. ಭದ್ರಾವತಿಯ ಕಡೆಗೆ, ಭದ್ರಾ ನಾಲೆಯ ಬದಿಗೆ ಹೋಗಿ ಕೇಳಿ, ಮೇಲಿನವನಿಗೆ ಕೋಪ, ಕೊನೆಯ ಭಾಗದವನಿಗೆ ಸಮಾಧಾನ. ಒಂದೇ ಕಾಯ್ದೆ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಸಾಧನೆ.

ಮೂರನೆಯದು 2025ರ ಗಿಗ್ ಕಾರ್ಮಿಕರ ಕಾಯ್ದೆ. ಮೊಬೈಲ್ ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕ್ಷೇಮನಿಧಿ ಶುಲ್ಕ ಕೊಡಬೇಕೆನ್ನುವ ಕಾಯ್ದೆ ಅದು. ನಮಗೇನು ಸಂಬಂಧ ಎನ್ನಬೇಡಿ. ಬೆಂಗಳೂರಿನಲ್ಲಿ ಊಟದ ಪೆಟ್ಟಿಗೆ ಹೊತ್ತು ಬೈಕ್ ಓಡಿಸುವ ಹುಡುಗರಲ್ಲಿ ನಮ್ಮ ಸೊರಬ, ಶಿಕಾರಿಪುರದವರೂ ಇದ್ದಾರೆ.

ಇನ್ನೊಂದು ಕಾಯ್ದೆಯೂ 2025ರ ಮಾರ್ಚಿನಲ್ಲೇ ಆಯಿತು: ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರ ರೂಪಾಯಿಗೆ ಏರಿತು. ಪಕ್ಷಭೇದವಿಲ್ಲದೆ ಆದ ಈ ಕೆಲಸವನ್ನು ಮಾತ್ರ ನಾನು ನೋಡಿದ ಯಾವ ಪುಸ್ತಿಕೆಯೂ ಸಾಧನೆಯ ಪಟ್ಟಿಯಲ್ಲಿ ಸೇರಿಸಿಲ್ಲ. ಅಷ್ಟು ಸಂಕೋಚ ಉಳಿದಿದೆ.

ಬಗರ್ ಹುಕುಂ ಹಕ್ಕುಪತ್ರ ‘ಕೊಡಿಸಿದೆ’ ಎನ್ನುತ್ತಾರೆ. ಅದಾದರೂ ನಿಜವೇ?

ಇಲ್ಲಿ ‘ಕೊಡಿಸಿದೆ’ ಎಂಬ ಮಾತಿಗೆ ತೂಕವಿದೆ. ಬಗರ್ ಹುಕುಂ ಸಕ್ರಮೀಕರಣ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಮಿತಿ ಸಭೆಯನ್ನೇ ಕರೆಯದೆ ವರ್ಷಗಟ್ಟಲೆ ಕಡತ ಕೊಳೆಸಿದವರೂ ಇದ್ದಾರೆ, ಹಟ ಹಿಡಿದು ಕೂತು ತಿಂಗಳು ತಿಂಗಳು ಮುಗಿಸಿದವರೂ ಇದ್ದಾರೆ. ಆದ್ದರಿಂದ ನಿಮ್ಮ ಶಾಸಕರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೊಳಗ ಇಲ್ಲ. ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಅರ್ಜಿ ಮಂಜೂರಾಯಿತು, ಎಷ್ಟು ವಜಾ ಆಯಿತು, ಯಾಕೆ ವಜಾ ಆಯಿತು, ಇಷ್ಟನ್ನು ಕೇಳಿ.

ಆದರೆ ಕಾಯ್ದೆ ಹಾಕಿದ ಬೇಲಿಯನ್ನು ಶಾಸಕರೂ ದಾಟುವಂತಿಲ್ಲ. ನಮೂನೆ 50, 53, 57 ಎಂದು ಮೂರು ಸುತ್ತು ಅರ್ಜಿ ಕರೆಯಲಾಯಿತು. 57ರಲ್ಲಿ 2005ರ ಜನವರಿ 1ಕ್ಕೆ ಮುಂಚಿನಿಂದ ಸಾಗುವಳಿ ಇದ್ದಿರಬೇಕು. ಸ್ವಂತ ಹಿಡುವಳಿಯೂ ಸೇರಿ 4 ಎಕರೆ 38 ಗುಂಟೆ ಮೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಆ ಜಮೀನು ಅರಣ್ಯವಾಗಿರಬಾರದು. ನಮ್ಮ ಮಲೆನಾಡಿನಲ್ಲಿ ಕಾಲು ಜಾರುವುದೇ ಇಲ್ಲಿ. ಕಂದಾಯದ ಕಾಗದದಲ್ಲಿ ಕಾನು, ಸೊಪ್ಪಿನಬೆಟ್ಟ ಎಂದಿರುವ ಜಾಗ ಅರಣ್ಯ ಇಲಾಖೆಯ ನಕ್ಷೆಯಲ್ಲಿ ಬೇರೆಯೇ ಬಣ್ಣದಲ್ಲಿರುತ್ತದೆ. ಎರಡು ಇಲಾಖೆಯವರು ಒಟ್ಟಿಗೆ ನಿಂತು ಅಳತೆ ಮಾಡುವ ತನಕ ಹಕ್ಕುಪತ್ರವೆಂಬುದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಕಾಗದ ಅಷ್ಟೇ. ವೇದಿಕೆಯ ಮೇಲೆ ಹಕ್ಕುಪತ್ರ ತೆಗೆದುಕೊಂಡ ಮೇಲೆ ಪಹಣಿಯಲ್ಲಿ ಹೆಸರು ಕೂತಿದೆಯೇ ಎಂದು ನೋಡಿ. ಪೋಡಿ, ಅಂದರೆ ಅಳತೆಯಾಗಿ ಜಮೀನಿಗೆ ಪ್ರತ್ಯೇಕ ನಂಬರ್ ಬೀಳುವುದು, ಆಗಿದೆಯೇ ಎಂದೂ ನೋಡಿ. ಫೋಟೊ ಬೇಗ ಬರುತ್ತದೆ, ಪಹಣಿ ನಿಧಾನ.

ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗೆ ಹಳ್ಳಿಯಲ್ಲಿ 94ಸಿ, ಪೇಟೆಯಲ್ಲಿ 94ಸಿಸಿ. ಇವೂ ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಮುಗಳೇ ಹೊರತು ಯಾವ ಶಾಸಕರ ಯೋಜನೆಯ ಹೆಸರೂ ಅಲ್ಲ.

ಶರಾವತಿ ಮುಳುಗಡೆ ಸಂತ್ರಸ್ತರ ಸಮಸ್ಯೆಗೆ ಒಂದು ಕಾಯ್ದೆ ಮಾಡಿ ಮುಗಿಸಬಾರದೇ?

ಪ್ರತಿ ಚುನಾವಣೆಯಲ್ಲೂ ಕೇಳುವ ಪ್ರಶ್ನೆ, ಪ್ರತಿ ಚುನಾವಣೆಯಲ್ಲೂ ‘ಮುಗಿಸುತ್ತೇವೆ’ ಎನ್ನುವ ಉತ್ತರ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಬೆಳಕು ಕೊಡಲು ಊರು ಬಿಟ್ಟವರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು, ಕಾಗದ ಆಮೇಲೆ ಕೊಡುತ್ತೇವೆ ಎಂದರು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಂದಿನಿಂದ ಅರಣ್ಯವನ್ನು ಬೇರೆ ಬಳಕೆಗೆ ಬಿಟ್ಟುಕೊಡಲು ಕೇಂದ್ರದ ಪೂರ್ವಾನುಮತಿ ಬೇಕು. ಆ ಅನುಮತಿ ಇಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಶನ್ (ಜಾಗವನ್ನು ಅರಣ್ಯದಿಂದ ಕೈಬಿಡುವ) ಆದೇಶಗಳು 2021ರಲ್ಲಿ ರದ್ದಾದವು. ಹಕ್ಕುಪತ್ರ ಕೈಯಲ್ಲಿದ್ದವರೇ ಮತ್ತೆ ಒತ್ತುವರಿದಾರರಾದರು.

ಹಾಗಾಗಿ ವಿಧಾನಸಭೆಯಲ್ಲಿ ಎಷ್ಟೇ ಚೆಂದದ ಕಾಯ್ದೆ ಮಾಡಿದರೂ ದೆಹಲಿಯ ಬಾಗಿಲು ತೆರೆಯದೆ ಇದು ಬಗೆಹರಿಯುವುದಿಲ್ಲ. ಈ ವಿಷಯದಲ್ಲಿ ಶಾಸಕರನ್ನು ಕೇಳಬೇಕಾದ ಪ್ರಶ್ನೆ ‘ಯಾವಾಗ ಹಕ್ಕುಪತ್ರ ಕೊಡುತ್ತೀರಿ’ ಎಂದಲ್ಲ. ಜಂಟಿ ಸರ್ವೆ ಎಷ್ಟು ಹಳ್ಳಿಯಲ್ಲಿ ಮುಗಿದಿದೆ, ಕೇಂದ್ರಕ್ಕೆ ಹೋದ ಪ್ರಸ್ತಾವನೆಯ ದಿನಾಂಕ ಯಾವುದು, ಅಲ್ಲಿಂದ ಬಂದ ಆಕ್ಷೇಪ ಏನು ಎಂದು ಕೇಳಿ. ಇದಕ್ಕೆ ದಿನಾಂಕ ಸಹಿತ ಉತ್ತರ ಕೊಡುವವರು ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯಬಹುದು. ಉಳಿದವರು ಕಣ್ಣೀರು ಒರೆಸಿಕೊಳ್ಳುತ್ತಿರುತ್ತಾರೆ.

ಕಸ್ತೂರಿರಂಗನ್ ವರದಿಯನ್ನು ನಮ್ಮ ಶಾಸಕರು ತಡೆದರಂತೆ?

ಪಶ್ಚಿಮಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ವರದಿ ಅದು, ತಡೆಯುವ ಅಧಿಕಾರ ಅವರಿಗಿಲ್ಲ. 2024ರ ಜುಲೈ 31ರಂದು ಕೇಂದ್ರ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ಒಪ್ಪುವುದಿಲ್ಲ ಎಂದಿತು. ಅಂತಿಮ ಅಧಿಸೂಚನೆ ಹೊರಡಿಸುವುದು ಕೇಂದ್ರದ ಕೆಲಸ, ರಾಜ್ಯ ಹೇಳುವುದು ಅಭಿಪ್ರಾಯ.

‘ಕ್ಷೇತ್ರಕ್ಕೆ ಇಷ್ಟು ನೂರು ಕೋಟಿ ತಂದೆ’ ಎಂಬ ಲೆಕ್ಕವನ್ನು ಹೇಗೆ ಓದಬೇಕು?

ನಿಧಾನವಾಗಿ, ಪಕ್ಕದಲ್ಲಿ ಒಂದು ಪೆನ್ಸಿಲ್ ಇಟ್ಟುಕೊಂಡು.

ಎರಡು ಕೋಟಿಯ ಒಂದು ರಸ್ತೆ ಎಂದಿಟ್ಟುಕೊಳ್ಳಿ. ಮೊದಲು ಶಾಸಕರು ಮಂತ್ರಿಗೆ ಪತ್ರ ಕೊಡುತ್ತಾರೆ. ಮಂತ್ರಿ ಅದರ ಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆಯುತ್ತಾರೆ. ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಎರಡು ಕೋಟಿ ಬಂತು. ಆಮೇಲೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಆಡಳಿತಾತ್ಮಕ ಅನುಮೋದನೆ ಆಗುತ್ತದೆ, ಇನ್ನೊಮ್ಮೆ ಎರಡು ಕೋಟಿ ಬಂತು. ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಗುದ್ದಲಿ ಪೂಜೆ ನಡೆದಾಗ ಮತ್ತೆ ಎರಡು ಕೋಟಿ. ರಸ್ತೆ ಮುಗಿದು ಟೇಪು ಕತ್ತರಿಸಿದ ದಿನ ಪುನಃ ಎರಡು ಕೋಟಿ. ಐದು ವರ್ಷದ ಕೊನೆಗೆ ಅಚ್ಚಾಗುವ ಪುಸ್ತಿಕೆಯಲ್ಲಿ ಈ ಒಂದೇ ರಸ್ತೆ ನಾಲ್ಕು ಕಡೆ ಇಣುಕಿದರೆ ಆಶ್ಚರ್ಯಪಡಬೇಡಿ. ಸುಳ್ಳು ಬರೆದಿದ್ದಾರೆ ಎಂದಲ್ಲ, ಒಂದೇ ಕೋಳಿಯನ್ನು ನಾಲ್ಕು ಸಲ ಎಣಿಸಿದ್ದಾರೆ.

ನಮ್ಮದೇ ಊರಿನ ಕಥೆ ಹೇಳುತ್ತೇನೆ, ಊರಿನ ಹೆಸರು ಬೇಡ. ಹಳ್ಳದ ಆಚೆ ಹನ್ನೊಂದು ಮನೆ. ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕವೇ ದಾರಿ. ಮೂರು ಅವಧಿಯ ಮೂರು ಪುಸ್ತಿಕೆಗಳಲ್ಲಿ ಆ ಜಾಗಕ್ಕೆ ಕಿರುಸೇತುವೆ ಮಂಜೂರಾಗಿದೆ, ಪ್ರತಿ ಸಲವೂ ಬೇರೆ ಬೇರೆ ಯೋಜನೆಯ ಹೆಸರಿನಲ್ಲಿ. ಎರಡನೇ ಸಲ ಜೆಸಿಬಿಯೂ ಬಂದಿತ್ತು, ಎರಡು ಗುಂಡಿ ತೆಗೆದು ಹೋಯಿತು. ಆ ಗುಂಡಿಗಳಲ್ಲಿ ನೀರು ನಿಂತು ಮಕ್ಕಳಿಗೆ ಮೊದಲಿಗಿಂತ ಅಪಾಯ ಹೆಚ್ಚಾಯಿತು. ಈಗಲೂ ಪ್ರತಿ ಜೂನ್ ಮೊದಲ ವಾರ ಹನ್ನೊಂದು ಮನೆಯವರು ಸೇರಿ ಹೊಸ ದಬ್ಬೆ ಕಟ್ಟುತ್ತಾರೆ. ನಾನು ಬಿಲ್ಲು ಪಾಸು ಮಾಡುವ ಕುರ್ಚಿಯಲ್ಲಿ ಕುಳಿತಿದ್ದಾಗ ಆ ಕಾಮಗಾರಿಯ ಒಂದು ಬಿಲ್ಲೂ ನನ್ನ ಮೇಜಿಗೆ ಬರಲಿಲ್ಲ ಎನ್ನುವುದೊಂದೇ ಸಮಾಧಾನ. ದುಡ್ಡು ತಿಂದಿರಲಿಲ್ಲ, ಬಂದೇ ಇರಲಿಲ್ಲ.

ಪೆನ್ಸಿಲ್ ಹಿಡಿದು ಮಾಡಬೇಕಾದದ್ದು ಇಷ್ಟೆ: ಪ್ರತಿ ಕಾಮಗಾರಿಯ ಎದುರು ‘ಕಾರ್ಯಾದೇಶ ಆಗಿದೆಯೇ’ ಎಂದು ಬರೆಯಿರಿ. ಕಾರ್ಯಾದೇಶಕ್ಕೆ ಮುಂಚಿನದೆಲ್ಲ ಮಾತು, ಆಮೇಲಿನದು ಕೆಲಸ.

ಶಾಸಕರ ನಿಧಿ ಎಂದರೆ ಎಷ್ಟು? ಅದನ್ನು ಅವರು ಹೇಗೆ ಬೇಕಾದರೂ ಖರ್ಚು ಮಾಡಬಹುದೇ?

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಸದಸ್ಯರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಸಂಸದರಿಗೆ 5 ಕೋಟಿ. ಈ ದುಡ್ಡು ಶಾಸಕರ ಕೈಗೆ ಬರುವುದೇ ಇಲ್ಲ. ಅವರು ಕಾಮಗಾರಿಯ ಪಟ್ಟಿ ಕೊಡುತ್ತಾರೆ, ಜಿಲ್ಲಾಧಿಕಾರಿ ಹಣ ಬಿಡುಗಡೆ ಮಾಡುತ್ತಾರೆ. ಸಮುದಾಯ ಭವನ, ಶಾಲೆಯ ಕೊಠಡಿ, ಬಸ್ ತಂಗುದಾಣ, ಕುಡಿಯುವ ನೀರಿನಂಥ ಬಾಳಿಕೆಯ ಸಾರ್ವಜನಿಕ ಆಸ್ತಿಗೆ ಮಾತ್ರ. ಮಲೆನಾಡಿನ ಒಂದು ಕ್ಷೇತ್ರದಲ್ಲಿ ಒಂದು ಮಳೆಗಾಲ ಕಿತ್ತುಹಾಕುವ ರಸ್ತೆಗೆ ಹೋಲಿಸಿದರೆ ಎರಡು ಕೋಟಿ ಎನ್ನುವುದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೆ ನಿಜವಾಗಿ ‘ಇದು ನನ್ನ ಆಯ್ಕೆ’ ಎಂದು ಶಾಸಕರು ಹೇಳಬಹುದಾದದ್ದು ಇದೊಂದೇ ಹಣ. ಆದ್ದರಿಂದ ಪುಸ್ತಿಕೆಯಲ್ಲಿ ಈ ಪುಟವನ್ನು ಮೊದಲು ಓದಿ. ಯಾವ ಊರಿಗೆ ಹೋಗಿದೆ, ಯಾವ ಕೇರಿಗೆ ಹೋಗಿಲ್ಲ ಎಂಬುದರಲ್ಲಿ ಮನುಷ್ಯ ಕಾಣುತ್ತಾನೆ.

ಹಾಗಾದರೆ ಸಿಗಂದೂರು ಸೇತುವೆ, ವಿಮಾನ ನಿಲ್ದಾಣ ಯಾರು ತಂದದ್ದು?

ದುಡ್ಡು ಯಾರದು ಎಂದು ಕೇಳಿದರೆ ಉತ್ತರ ಸುಲಭ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಈ ಸಿಗಂದೂರು ಸೇತುವೆ ಕೇಂದ್ರ ಹೆದ್ದಾರಿ ಸಚಿವಾಲಯದ್ದು: ಸುಮಾರು 470 ಕೋಟಿ ರೂಪಾಯಿ, 2.44 ಕಿಲೋಮೀಟರ್ ಉದ್ದ, ಉದ್ಘಾಟನೆ 2025ರ ಜುಲೈ 14. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ ರಾಜ್ಯ ಸರ್ಕಾರದ ಹಣದಲ್ಲಿ, ಸುಮಾರು 450 ಕೋಟಿ ರೂಪಾಯಿಯಲ್ಲಿ ಆದದ್ದು. ಉದ್ಘಾಟನೆ ಪ್ರಧಾನಿಯವರಿಂದ, 2023ರ ಫೆಬ್ರುವರಿ 27ರಂದು. ವಿಮಾನ ಹಾರಿದ್ದು ಆಗಸ್ಟ್ 31ಕ್ಕೆ. ಗಮನಿಸಿ, ಕೇಂದ್ರದ ಹಣದ ಸೇತುವೆಗೆ ರಾಜ್ಯದವರೂ, ರಾಜ್ಯದ ಹಣದ ವಿಮಾನ ನಿಲ್ದಾಣಕ್ಕೆ ಕೇಂದ್ರದವರೂ ಫ್ಲೆಕ್ಸ್ ಹಾಕಿಸಿಕೊಂಡರು.

‘ತಂದವರು ಯಾರು’ ಎಂದರೆ ಮಾತ್ರ ಉತ್ತರ ಕಷ್ಟ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ಲಾಂಚಿಗೆ ಕಾಯುತ್ತ, ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ದಡದಲ್ಲೇ ರಾತ್ರಿ ಕಳೆಯುತ್ತ ಅರವತ್ತು ವರ್ಷ ಕೇಳಿದ್ದಾರೆ. ಹೆರಿಗೆ ನೋವಿನವರನ್ನು ಹಿನ್ನೀರು ದಾಟಿಸಿದವರ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ಮನವಿ ಕೊಟ್ಟವರು, ಪಾದಯಾತ್ರೆ ಮಾಡಿದವರು, ಸದನದಲ್ಲಿ ಕೂಗಿದವರು, ದೆಹಲಿಯಲ್ಲಿ ಕಡತ ತಳ್ಳಿದವರು ಎಲ್ಲರದೂ ಪಾಲಿದೆ. ಒಬ್ಬರೇ ತಂದರೆಂದು ಬರೆದ ಪುಸ್ತಿಕೆಯನ್ನು ತುಮರಿಯಲ್ಲಿ ಹಂಚಿ ನೋಡಿ.

ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಶಾಸಕರದೇ?

ಅಲ್ಲ. 1991ರ ಕಾಯ್ದೆಯಿಂದ ಹುಟ್ಟಿದ ಮಂಡಳಿ ಅದು, ಕಚೇರಿ ಶಿವಮೊಗ್ಗದಲ್ಲಿ, ವ್ಯಾಪ್ತಿ 13 ಜಿಲ್ಲೆ. ನಮ್ಮ ಹೆಸರಿನ ಮಂಡಳಿಯಾದರೂ ಹಂಚಿಕೊಳ್ಳುವವರು ಬಹಳ, ಹಾಗಾಗಿ ಒಂದೊಂದು ಕ್ಷೇತ್ರಕ್ಕೆ ಬರುವುದು ಸಣ್ಣ ರಸ್ತೆ, ಮೋರಿ, ಕಾಲುಸಂಕಕ್ಕೆ ಸಾಕಾಗುವಷ್ಟು. ಕಾಲುಸಂಕವೇ ನಮಗೆ ಬೇಕಾದದ್ದು ಎನ್ನುವುದು ಬೇರೆ ಮಾತು. ದೊಡ್ಡ ವೃತ್ತ, ಸ್ವಾಗತ ಕಮಾನು, ಹೈಮಾಸ್ಟ್ ದೀಪಕ್ಕಿಂತ ಹಳ್ಳದ ಮೇಲಿನ ನಾಲ್ಕು ಅಡಿ ಅಗಲದ ಕಾಂಕ್ರೀಟ್ ಹಲಗೆ ನಮ್ಮಲ್ಲಿ ಹೆಚ್ಚು ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತದೆ. ಅದಕ್ಕೆ ಫೋಟೊ ಚೆನ್ನಾಗಿ ಬರುವುದಿಲ್ಲ, ಅಷ್ಟೇ ತೊಂದರೆ.

ಮನೆ ಮನೆಗೆ ನಲ್ಲಿಯನ್ನೂ ‘ನಾನು ತಂದೆ’ ಎಂದಿದ್ದಾರಲ್ಲ?

ಜಲಜೀವನ್ ಮಿಷನ್‌ನಲ್ಲಿ ಕೇಂದ್ರ, ರಾಜ್ಯ ಅರ್ಧರ್ಧ. ಪ್ರಧಾನಮಂತ್ರಿ ಗ್ರಾಮ ಸಡಕ್ ರಸ್ತೆಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಹಣಕಾಸು ಆಯೋಗದ ಹಣ ಬರುವುದು ಗ್ರಾಮ ಪಂಚಾಯಿತಿಗೆ, ಶಾಸಕರನ್ನು ಕೇಳಿ ಬರುವುದಲ್ಲ. ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಯಾರು ತಂದರೆಂದು ನಾನೂ ತಕರಾರು ತೆಗೆಯುವುದಿಲ್ಲ.

ವಿರೋಧ ಪಕ್ಷದ ಶಾಸಕರಾದರೆ ಅನುದಾನ ಕಡಿಮೆ ಎನ್ನುವುದು ನಿಜವೇ?

ಕಾನೂನಿನಲ್ಲಿ ಹಾಗೆಂದು ಎಲ್ಲೂ ಬರೆದಿಲ್ಲ, ಅನುಭವದಲ್ಲಿ ಎಲ್ಲರಿಗೂ ಗೊತ್ತಿದೆ. ಶಾಸಕರ ನಿಧಿ ಎಲ್ಲರಿಗೂ ಒಂದೇ. ವ್ಯತ್ಯಾಸ ಬರುವುದು ಮುಖ್ಯಮಂತ್ರಿ, ಮಂತ್ರಿಗಳ ವಿವೇಚನೆಯ ಹಣದಲ್ಲಿ. 2025ರ ಬಜೆಟ್ಟಿನಲ್ಲಿ ಮೂಲಸೌಕರ್ಯಕ್ಕೆಂದು ಇಟ್ಟ 8,000 ಕೋಟಿಯನ್ನು ಹಂಚುವಾಗಲೂ ಇದೇ ತಕರಾರು ಎದ್ದಿತು. ಯಾವ ಪಕ್ಷ ಆಳುತ್ತಿದ್ದರೂ ಇದೇ ಕಥೆ, ಹೇಳುವವರು ಮಾತ್ರ ಆ ಬೆಂಚಿನಿಂದ ಈ ಬೆಂಚಿಗೆ ಬದಲಾಗುತ್ತಾರೆ.

ಸದನದಲ್ಲಿ ಪ್ರಶ್ನೆ ಕೇಳಿದ್ದನ್ನೂ ಸಾಧನೆ ಎನ್ನಬಹುದೇ?

ನನ್ನ ಅಭಿಪ್ರಾಯದಲ್ಲಿ ಧಾರಾಳವಾಗಿ. ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಇವೇ ಶಾಸಕರ ಅಸಲು ಕಸುಬು. ಸದನದಲ್ಲಿ ಮಂತ್ರಿ ಕೊಟ್ಟ ಲಿಖಿತ ಉತ್ತರಕ್ಕೆ ಇಲಾಖೆ ಹೆದರುವಷ್ಟು ಬೇರೆ ಯಾವ ಪತ್ರಕ್ಕೂ ಹೆದರುವುದಿಲ್ಲ. ಎಲ್‌ಎ ಪ್ರಶ್ನೆ (ವಿಧಾನಸಭೆಯ ಪ್ರಶ್ನೆ) ಬಂದಿದೆ ಎಂದರೆ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟ ತಪ್ಪುತ್ತಿತ್ತು. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ, 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಮತ್ತೆ ಜೀವ ತೆಗೆಯಿತು. ಅಡಿಕೆಯ ಎಲೆಚುಕ್ಕಿ ರೋಗ ಇನ್ನೊಂದು. ಇಂಥವಕ್ಕೆ ಗುದ್ದಲಿ ಪೂಜೆ ಇರುವುದಿಲ್ಲ. ಸದನದಲ್ಲಿ ಪಟ್ಟು ಹಿಡಿದು ಕೇಳಿದವರಿದ್ದರೆ ಲಸಿಕೆ, ಔಷಧಿ, ಸಂಶೋಧನೆಯ ಕಡತ ಅಲುಗುತ್ತದೆ. ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ.

ಗುದ್ದಲಿ ಪೂಜೆಯಾಗಿ ಎರಡು ಮಳೆಗಾಲ ಕಳೆಯಿತು. ಕೆಲಸ ಎಲ್ಲಿ ನಿಂತಿದೆ ಎಂದು ತಿಳಿಯುವುದು ಹೇಗೆ?

ಮೊದಲು ಪೂಜೆ ಯಾವ ತಿಂಗಳಲ್ಲಾಯಿತು ನೋಡಿ. ನಮ್ಮಲ್ಲಿ ಮಣ್ಣಿನ ಕೆಲಸ ನಡೆಯುವುದು ದೀಪಾವಳಿಯಿಂದ ಮೇ ತನಕ. ಮೇ ಕೊನೆಗೆ ಪೂಜೆ ಮಾಡಿದರೆ ಗುತ್ತಿಗೆದಾರ ಜಲ್ಲಿ ಸುರಿದು ಊರಿಗೆ ಹೋಗುತ್ತಾನೆ, ಜಲ್ಲಿ ಜುಲೈಯಲ್ಲಿ ಹೊಳೆಗೆ ಹೋಗುತ್ತದೆ.

ಆಮೇಲೆ ಮಾಹಿತಿ ಹಕ್ಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಹಾಳೆ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ. ಅದಕ್ಕೆ ಉತ್ತರ ಕೊಡಬೇಕಿಲ್ಲ ಎಂದು ತಿರಸ್ಕರಿಸುತ್ತಾರೆ, ನಾನೇ ತಿರಸ್ಕರಿಸಿದ್ದೇನೆ. ದಾಖಲೆ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟ, ಪಾವತಿಯಾದ ಬಿಲ್ಲಿನ ಪ್ರತಿ. 30 ದಿನದಲ್ಲಿ ಕೊಡಬೇಕು. ಅಳತೆ ಪುಸ್ತಕದಲ್ಲಿ ರಸ್ತೆಯ ಉದ್ದ ಬರೆದಿರುತ್ತದೆ. ಕೈಯಲ್ಲಿ ಹಗ್ಗವಿದ್ದರೆ ಉಳಿದದ್ದು ನಿಮಗೇ ತಿಳಿಯುತ್ತದೆ.

ಹೊಸನಗರ ತಾಲ್ಲೂಕಿನ ನಾವು ಯಾವ ಶಾಸಕರನ್ನು ಕೇಳಬೇಕು?

ಹೊಸನಗರ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಹೋಯಿತು. ತಾಲ್ಲೂಕಿನ ಒಂದು ಭಾಗ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ ಸೇರಿದೆ. ಇಬ್ಬರ ಪುಸ್ತಿಕೆಯೂ ನಿಮ್ಮ ತಾಲ್ಲೂಕಿಗೆ ಬರುತ್ತದೆ. ಒಂದೇ ಆಸ್ಪತ್ರೆಯ ಕಟ್ಟಡ ಎರಡರಲ್ಲೂ ಇದ್ದರೆ ನಗಬಹುದು.

ಪುಸ್ತಿಕೆಯಲ್ಲಿ ನಮ್ಮ ಊರಿನ ಹೆಸರೇ ಇಲ್ಲ. ಈಗ ಏನು ಮಾಡುವುದು?

ಶಾಸಕರ ಮನೆಗೆ ಹೋಗುವ ಮುಂಚೆ ಗ್ರಾಮ ಸಭೆಗೆ ಹೋಗಿ. ಅಲ್ಲಿ ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆಸಿ, ನಡಾವಳಿಯ ನಕಲು ಪಡೆಯಿರಿ. ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಗೆ ಶಾಸಕರೇ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ನಡೆಯಬೇಕು. ಆ ಸಭೆಗೆ ಒಂದು ವಾರ ಮುಂಚೆ ನಕಲನ್ನು ಜೋಡಿಸಿ ಮನವಿ ಕೊಡಿ. ಬಜೆಟ್ ಬರುವುದು ಫೆಬ್ರುವರಿ ಅಥವಾ ಮಾರ್ಚಿನಲ್ಲಿ, ಇಲಾಖೆಗಳು ಪಟ್ಟಿ ಮಾಡುವುದು ಅದಕ್ಕೂ ಎರಡು ಮೂರು ತಿಂಗಳು ಮುಂಚೆ, ಅಂದರೆ ನೀವು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿರುವಾಗ. ಒಂದು ದಿನ ಬಿಡುವು ಮಾಡಿಕೊಳ್ಳಲೇಬೇಕು. ಮನವಿ ಎರಡು ಪ್ರತಿ ಇರಲಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಮುದ್ರೆ ಒಣಗಿದ ಮೇಲೆ ಮಡಚಿ. ಮಳೆಗಾಲದ ಥಂಡಿಗೆ ಶಾಯಿ ಹರಡಿಕೊಂಡು ದಿನಾಂಕವೇ ಕಾಣದ ಅರ್ಜಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.